ಬೀಗರ ಹೊಲದ ಎರಡು ತುದಿಯ ಗಿಡ

ಇಳಿದ ದಿನ

ತಿರ್ಲಾಪುರದಿಂದ ಜರ್ಮನಿಯ ತನಕ ಹೊತ್ತು ತಂದ ಅರವತ್ತು ಕಡಕ್ ರೊಟ್ಟಿಗಳಲ್ಲಿ ಇಡಿಯಾಗಿ ಉಳಿದದ್ದು ನಾಲ್ಕೇ. ಮಿಕ್ಕವು ಅರಿವೆಯ ಗಂಟಿನೊಳಗೆ ನುಚ್ಚಾಗಿ ಕೂತಿದ್ದವು. ನನಗೆ ಅಳುವೇ ಬಂತು. ಸವಿತಾ ಮಾತ್ರ ಆ ನುಚ್ಚನ್ನೇ ಬಟ್ಟಲಿಗೆ ಸುರುವಿಕೊಂಡು, ಮೊಸರು, ಗುರೆಳ್ಳ ಚಟ್ನಿ ಹಾಕಿ ಕಲಸಿ, ಮೈಮೇಲಿನ ಕೋಟನ್ನೂ ಬಿಚ್ಚದೆ ನಿಂತಲ್ಲೇ ತಿಂದಳು.

"ಕುಂತು ತಿನ್ನವಾ," ಅಂದೆ.

"ಎರಡು ವರ್ಷ ಆತು ಚಿಗವ್ವಾ. ಕುಂದ್ರೂ ತನಾ ತಡಿಯಾಕ ಆಗೂದಿಲ್ಲ," ಅಂದಳು ಬಾಯಿ ತುಂಬಿಕೊಂಡು.

ಸವಿತಾ ನನ್ನ ಅಕ್ಕನ ಮಗಳು. ಅಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ಅದೇ ಆಶ್ರಮದಲ್ಲಿ ಲೈಟು, ವೈರು ನೋಡಿಕೊಳ್ಳುವ ಮಾರ್ಟಿನ್ ಎಂಬ ಹುಡುಗನನ್ನು ಮದುವೆಯಾಗಿದ್ದಾಳೆ. ಅಕ್ಕನಿಗೆ ಮೊಣಕಾಲು ಸುಖವಿಲ್ಲ. ಹಾಗಾಗಿ ಊರಿನ ಹಿಟ್ಟಿನ ಗಿರಣಿಯನ್ನು ಯಜಮಾನರ ಮೇಲೆ ಬಿಟ್ಟು, ಒಂದು ತಿಂಗಳ ಮಟ್ಟಿಗೆ ನಾನು ಹೊರಟೆ. ನಮ್ಮ ಕಡೆಯಿಂದ ಬೀಗರ ಮುಖ ನೋಡುವ ಮೊದಲನೆಯವಳು ನಾನೇ. ಹೊರಡುವಾಗ ಅಕ್ಕ ಹೇಳಿದ್ದು ಎರಡೇ ಮಾತು: "ಹುಡಿಗಿನ್ನ ಮನೀ ಮಂದಿಯಂಗ ನೋಡ್ಕೋತಾರೋ ಇಲ್ಲೋ, ನೋಡು. ಬೀಗರ ಮುಂದ ಬಾಯಿ ಬಿಗಿ ಹಿಡಿ."

ಮಾರ್ಟಿನ್‌ಗೆ ಬರುವ ಕನ್ನಡ "ಬರ್ರಿ" ಮತ್ತು "ಸಾಕ್ರಿ". ಊಟಕ್ಕೆ ಕೂತಾಗ ಸಾಕ್ರಿ ಅನ್ನುತ್ತಾನೆ, ತಾನು ಬಡಿಸುವಾಗಲೂ ಸಾಕ್ರಿ ಅನ್ನುತ್ತಾನೆ. ನನಗೇನೂ ತೊಂದರೆಯಾಗಲಿಲ್ಲ. ಮುಖ ನೋಡಿ ತಿಳಿದುಕೊಂಡೆ.

ಅವತ್ತು ಸಂಜೆ ಸವಿತಾ ಮಂಚದ ಕೆಳಗಿನಿಂದ ಒಂದು ಉದ್ದನೆಯ ರಟ್ಟಿನ ಡಬ್ಬಿ ಎಳೆದಳು. ಒಳಗೆ ಹಸಿರು ಕಡ್ಡಿಗಳು ಮಡಚಿಕೊಂಡು ಮಲಗಿದ್ದವು.

"ಏನಿದು, ಛತ್ರಿ ಏನು?"

"ಗಿಡಾ. ಕ್ರಿಸ್‌ಮಸ್ ಗಿಡಾ, ಪ್ಲಾಸ್ಟಿಕ್ಕಿಂದು. ಸಾವಕಾಶ ಮಾತಾಡು."

"ಯಾಕ, ಕದ್ದು ತಂದೀಯೇನು?"

"ಕದ್ದು ತಂದಿದ್ರ ಇಷ್ಟು ಅಂಜತಿರಲಿಲ್ಲ ಚಿಗವ್ವಾ. ನಮ್ಮ ಮಾವ ಖರೇ ಗಿಡಾ ಬೆಳಿಯೋ ರೈತಾ. ಹೊಲದ ತುಂಬ ಇದ ಗಿಡಾ. ನಾ ನೋಡಿದ್ರ ಅಂಗಡಿಯಿಂದ ಪ್ಲಾಸ್ಟಿಕ್ಕಿಂದು ತಂದು ಇಟ್ಟೀನಿ."

ನನಗೆ ತಟ್ಟನೆ ಅರ್ಥವಾಯಿತು. ಸ್ವಂತ ಜೋಳದ ಹೊಲವಿದ್ದ ಮಾವನಿಗೆ ಸೊಸೆ ಅಂಗಡಿಯ ರೊಟ್ಟಿ ಕೊಂಡು ತಂದು ಬಡಿಸಿದಂತೆ. ಅದರಲ್ಲೂ ಇಷ್ಟು ವರ್ಷ ಹಬ್ಬ ಹೊಲದ ಮನೆಯಲ್ಲೇ ಆಗುತ್ತಿತ್ತು. ಈ ಸಲ ಮೊದಲ ಬಾರಿಗೆ ಅತ್ತೆ ಮಾವ ಇವಳ ಮನೆಗೆ ಬರುವವರಿದ್ದರು. ಇವಳ ಕೈಯ ಮೊದಲ ಹಬ್ಬ.

"ಹಂಗಾರ ಯಾಕ ತಂದಿ?"

ಹೋದ ಜನವರಿಯಲ್ಲಿ ಕೆಲಸಕ್ಕೆ ಹೊರಟಾಗ ನೋಡಿದ್ದನ್ನು ಹೇಳಿದಳು. ಹಬ್ಬ ಮುಗಿದ ಮೇಲೆ ಜನ ತಮ್ಮ ಗಿಡಗಳನ್ನು ಫುಟ್‌ಪಾತಿನ ಮೇಲೆ ತಂದು ಎಸೆದಿದ್ದರಂತೆ. ಕಸದ ಗಾಡಿ ಬರುವ ತನಕ ಸಾಲಾಗಿ ಬಿದ್ದಿದ್ದವಂತೆ. ಒಂದರಲ್ಲಿ ಇನ್ನೂ ಬೆಳ್ಳಿ ಬಣ್ಣದ ದಾರ ಉಳಿದಿತ್ತಂತೆ.

"ನಮ್ಮ ಕಡೆ ಎರಿಭೂಮ್ಯಾಗ ಒಂದು ಗಿಡದ ನೆರಳು ಸಿಗಬೇಕಂದ್ರ ಎಷ್ಟು ದೂರ ನಡೀಬೇಕು ಹೇಳು. ಹಸೀ ಗಿಡಾ ಕಡದು, ಎರಡು ವಾರ ಇಟ್ಟು, ದಾರ್ಯಾಗ ಒಗಿಯೂದು ನನ್ನ ಕಡಿಂದ ಆಗೂದಿಲ್ಲ. ಮಾರ್ಟಿನ್ ಹೇಳ್ತಾನ, ನನಗ ಎರಡೂ ನಡಿತಾವ, ಆದ್ರ ನಮ್ಮಪ್ಪಗ ನೀನ ಹೇಳು ಅಂತ."

"ಹೇಳಿದ್ಯಾ?"

ಅವಳು ಡಬ್ಬಿಯನ್ನು ಕಾಲಿನಿಂದ ಒಳಗೆ ನೂಕಿದಳು.

ಗಿಡದ ಪೇಟೆ

ಖರೇ ಗಿಡವೆಂದರೆ ಹೇಗಿರುತ್ತದೆ, ಜನ ಹೇಗೆ ಕೊಳ್ಳುತ್ತಾರೆ, ನೋಡಬೇಕು ಅನ್ನಿಸಿತು. ಎರಡು ದಿನ ಬಿಟ್ಟು ಸವಿತಾ ನನ್ನನ್ನು ಊರ ನಡುವಿನ ಬಯಲಿಗೆ ಕರೆದುಕೊಂಡು ಹೋದಳು. ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಂಥ ಚಳಿ. ಸೀರೆಯ ಒಳಗೆ ಮಾರ್ಟಿನ್‌ನ ಉಣ್ಣೆಯ ಪ್ಯಾಂಟು ತೊಟ್ಟಿದ್ದೆ.

ಗಿಡಗಳನ್ನು ಬೇಲಿಗೆ ಆನಿಸಿ ನಿಲ್ಲಿಸಿದ್ದರು. ಕೊಳ್ಳಲು ಬಂದವರನ್ನು ನೋಡುತ್ತಾ ನಿಂತರೆ ನನಗೆ ದನದ ಸಂತೆಯೇ ನೆನಪಾಯಿತು. ಗಂಡ ಗಿಡದ ನೆತ್ತಿ ಹಿಡಿದು ನಿಲ್ಲಿಸುತ್ತಾನೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ವಾರೆ ಮಾಡಿ ನೋಡುತ್ತಾಳೆ, ಕೈಯಿಂದಲೇ ತಿರುಗಿಸು ಅನ್ನುತ್ತಾಳೆ. ಅವನು ತಿರುಗಿಸುತ್ತಾನೆ. ಅವಳು ಅಲ್ಲ ಅನ್ನುತ್ತಾಳೆ. ಅವನು ಇನ್ನೊಂದನ್ನು ಎತ್ತುತ್ತಾನೆ. ಎತ್ತಿನ ಹಲ್ಲು ನೋಡುವವರಲ್ಲೂ ಇಷ್ಟು ತಾಳ್ಮೆ ನಾನು ಕಂಡಿಲ್ಲ. ಒಬ್ಬ ಮುದುಕ ಗಿಡವನ್ನು ಗೇಣೆತ್ತರ ಎತ್ತಿ ಧಪ್ಪನೆ ನೆಲಕ್ಕೆ ಕುಕ್ಕಿದ. ಸೂಜಿಯಂಥ ಎಲೆಗಳು ಉದುರಿದರೆ ಕಡಿದು ಬಹಳ ದಿನವಾಗಿದೆ ಎಂದು ಅರ್ಥವಂತೆ. ನಾವು ಜೋಳದ ಕಾಳು ಹಲ್ಲಿಗೆ ಕೊಟ್ಟು ಕಡಿದು ನೋಡುವುದಿಲ್ಲವೇ, ಹಾಗೆ. ನಾನು ಎವೆಯಿಕ್ಕದೆ ನೋಡುತ್ತಿದ್ದುದನ್ನು ಕಂಡು ಆ ಮುದುಕ ಎರಡು ಎಲೆ ಕಿತ್ತು, ಮುರಿದು, ನನ್ನ ಅಂಗೈಯಲ್ಲಿಟ್ಟ. ಮೂಸಿದೆ. ಲಿಂಬೆಯ ಸಿಪ್ಪೆಯೊಂದಿಗೆ ಕರ್ಪೂರ ಅರೆದಂಥ ವಾಸನೆ.

ಆರಿಸಿದ ಗಿಡವನ್ನು ಒಂದು ಕಬ್ಬಿಣದ ಕೊಳವೆಯಲ್ಲಿ ಬುಡ ಮುಂದಾಗಿ ತೂರಿಸಿ ಎಳೆದರು. ಆ ಕಡೆ ಹೊರಬಂದಾಗ ಬಲೆ ತೊಟ್ಟು, ಅಂಡಿಗೆಗೆ ತುಂಬಿದ ಹತ್ತಿಯ ಹಾಗೆ ಬಿಗಿಯಾಗಿತ್ತು.

"ಇದು ಎಷ್ಟು ದಿನಾ ತಾಳತೈತಿ?" ಎಂದು ಕೇಳಿದೆ.

"ಎರಡು ವಾರ. ಬಾಳ ಆದ್ರ ಮೂರು."

"ನಿನ್ನ ಪ್ಲಾಸ್ಟಿಕ್ಕಿಂದು?"

"ನಾವು ಸತ್ತ ಮ್ಯಾಲೂ ಇರ್ತೇತಿ."

ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ವರ್ಷವೂ ಹೊಸ ಎತ್ತು ಮಾಡುತ್ತೇವೆ. ಹೋದ ವರ್ಷದ್ದನ್ನು ಡಬ್ಬಿಯಲ್ಲಿಟ್ಟು ಮತ್ತೆ ತೆಗೆಯುವವರು ಯಾರೂ ಇಲ್ಲ. ಆ ಲೆಕ್ಕದಲ್ಲಿ ಖರೇ ಗಿಡವೇ ಸರಿ. ಆದರೆ ನಮ್ಮ ಮನೆಯ ಬಾಗಿಲಿಗೆ ಹತ್ತು ವರ್ಷದಿಂದ ಇರುವುದು ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ. ದಸರಾಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು ಹಾಕುತ್ತೇನೆ. ಸವಿತಾಗೆ ಬುದ್ಧಿ ಹೇಳುವ ಬಾಯಿ ನನಗೆಲ್ಲಿಂದ ಬರಬೇಕು?

ಬೀಗರ ಹೊಲ

ಯಜಮಾನರು ಫೋನಿನಲ್ಲಿ, "ನಾಳಿ ಎಳ್ಳ ಅಮಾಶಿ. ನೀ ಅಲ್ಲಿ ಕುಂತೀದಿ, ಇಲ್ಲಿ ಚರಗಾ ಯಾರು ಕಟ್ಟಬೇಕು?" ಎಂದು ಸಿಡುಕಿದರು. ಮದುವೆಯಾಗಿ ಬಂದಾಗಿನಿಂದ ಆ ದಿನ ಹೊಲ ತಪ್ಪಿಸಿದವಳಲ್ಲ ನಾನು. ಬೆಳೆ ಹೊತ್ತ ಭೂಮಿತಾಯಿ ಬಸುರಿ. ಆಕೆಗೆ ಸೀಮಂತದ ಊಟ ಉಣಿಸಿ, ಅದೇ ಅಡುಗೆ ಕಲಸಿದ ಚರಗವನ್ನು ಹೊಲದ ಸುತ್ತ ಚೆಲ್ಲಿ, ಬನ್ನಿ ಗಿಡಕ್ಕೆ ಉಡಿ ತುಂಬಿ ಬರುವುದು ನಮ್ಮ ಪದ್ಧತಿ.

"ನಾಳೆ ಅತ್ತಿ ಮಾವ ಊಟಕ್ಕ ಕರದಾರಲ್ಲ," ಅಂದಳು ಸವಿತಾ. "ಅದೂ ಹೊಲನ ಐತಿ."

ಬೆಳಿಗ್ಗೆ ಬೇಗ ಎದ್ದು, ತಂದಿದ್ದ ಹಿಟ್ಟಿನಲ್ಲಿ ಸಜ್ಜೆ ರೊಟ್ಟಿ ಬಡಿದೆವು. ಎಳ್ಳು ಹಚ್ಚಿದೆವು. ಕಡಬು, ಬದನೆಕಾಯಿ ಎಣ್ಣಗಾಯಿ, ಮೊಸರನ್ನ. ಮೊದಲ ರೊಟ್ಟಿ ಬೇಯುವಾಗಲೇ ಹೊಗೆಗೆ ಛಾವಣಿಯ ಯಂತ್ರವೊಂದು ಕಿವಿ ಹರಿಯುವಂತೆ ಚೀರಿಕೊಂಡಿತು. ಮಾರ್ಟಿನ್ ಕುರ್ಚಿಯ ಮೇಲೆ ಹತ್ತಿ, "ಸಾಕ್ರಿ, ಸಾಕ್ರಿ" ಎನ್ನುತ್ತಾ ಅದರ ಬಾಯಿ ಮುಚ್ಚಿದ. ಆ ಪದವನ್ನು ಅವನು ಸರಿಯಾದ ಜಾಗದಲ್ಲಿ ಬಳಸಿದ್ದು ಅವತ್ತೇ.

ಬೀಗರ ಹೆಸರು ಹೈನ್ರಿಖ್, ಬೀಗತಿ ಉರ್ಸುಲಾ; ನಮ್ಮ ರೂಢಿಯಂತೆ ನಾನು ಉರ್ಸುಲಾ ಬಾಯಿ ಅಂದೆ. ಬೀಗತಿ ತೋಳು ಚಾಚಿ ಅಪ್ಪಿಕೊಳ್ಳಲು ಬಂದರು, ನಾನು ಕೈ ಮುಗಿದೆ. ನನ್ನ ಎರಡು ಕೈ ಉರ್ಸುಲಾ ಬಾಯಿಯ ಎದೆಗೆ ಸಿಕ್ಕಿಕೊಂಡು ಇಬ್ಬರೂ ನಕ್ಕೆವು. ನವಲಗುಂದದ ಜಮಖಾನೆ ಕೊಟ್ಟೆ. ಬೀಗತಿ ಬಿಚ್ಚಿ ನೋಡಿ ಏನೋ ಕೇಳಿದರು. "ಇದರ ಮ್ಯಾಲೆ ಕಾಲು ಹೆಂಗ ಇಡಬೇಕು ಅಂತ ಕೇಳ್ತಾರ ಅತ್ತಿ," ಅಂದಳು ಸವಿತಾ. ಕುಂದ್ರಾಕನ ಮಾಡಿದ್ದು ಎಂದು ಹೇಳಿಸಿದೆ. ಕೇಳಲಿಲ್ಲ, ಗೋಡೆಗೆ ಆನಿಸಿಟ್ಟರು.

ಊಟಕ್ಕೆ ಮೊದಲು ಹೈನ್ರಿಖ್ ಹೊಲ ತೋರಿಸಿದರು. ನಾನು ಅಡವಿ ಎಂದು ತಿಳಿದಿದ್ದೆ. ಅಲ್ಲ, ಅದು ಬೆಳೆ. ಸಾಲು ಹೊಡೆದು ನೆಟ್ಟ ಬೆಳೆ. ಇಷ್ಟೆತ್ತರಕ್ಕೆ ಮೂರು ವರ್ಷ, ಇಷ್ಟಕ್ಕೆ ಆರು, ಇಷ್ಟಕ್ಕೆ ಹತ್ತು ಎಂದು ಮೊಣಕಾಲು, ಸೊಂಟ, ನೆತ್ತಿ ಮುಟ್ಟಿ ತೋರಿಸಿದರು. ಹತ್ತು ವರ್ಷ ಕಾಯುವ ರೈತನನ್ನು ನಾನು ಮೊದಲ ಸಲ ನೋಡಿದೆ. ಒಂದು ಕಡಿದರೆ ಅದರ ಬಾಜೂಕ್ಕೆ ಒಂದು ನೆಡುತ್ತಾರಂತೆ. ನಾವು ಜೋಳಕ್ಕೆ ಬರುವ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುತ್ತೇವೆ. ಇವರು ಪ್ರತಿ ಗಿಡಕ್ಕೂ ಒಂದು ಕೋಲು ಕಟ್ಟಿ, ಹಕ್ಕಿಗೆ ಕೂಡಲು ಜಾಗ ಮಾಡಿಕೊಟ್ಟಿದ್ದರು. ಎಳೆಯ ತುದಿಯ ಮೇಲೆ ಕೂತರೆ ಅದು ಮುರಿಯುತ್ತದೆ, ಮುರಿದರೆ ಎರಡು ತುದಿ ಒಡೆಯುತ್ತದೆ, ಎರಡು ತುದಿಯ ಗಿಡವನ್ನು ಯಾರೂ ಕೊಳ್ಳುವುದಿಲ್ಲ.

ಅಂಥದೊಂದು ಹೊಲದ ಅಂಚಿನಲ್ಲಿತ್ತು. ಎರಡು ಕೈ ಮೇಲೆತ್ತಿದಂತೆ ಎರಡು ತುದಿ. ನಮ್ಮ ಹೊಲದ ಬನ್ನಿಯೂ ಅಂಚಿನಲ್ಲೇ ಇರುವುದು. ನನ್ನ ಕಾಲುಗಳು ಅಲ್ಲೇ ನಿಂತವು. ಊರಿನ ಹೊಲದಲ್ಲಿ ಪೂಜೆಗೆ ಇಡುವಂತೆ ಐದು ಕಲ್ಲು ಆಯ್ದು ಸಾಲಾಗಿಟ್ಟೆ. ವಿಭೂತಿ, ಕುಂಕುಮ ಹಚ್ಚಿದೆ. ಗಿಡಕ್ಕೂ ಹಚ್ಚಿ, ಉಡಿ ತುಂಬಿ, ಊರಿಂದ ತಂದ ಕೆಂಪು ಕುಪ್ಪಸದ ಖಣವನ್ನು ನಡುವಿಗೆ ಸುತ್ತಿ ಕಟ್ಟಿದೆ. ಹೊಲದಲ್ಲಿ ಅಲ್ಲಲ್ಲಿ ಬೇರೆ ಗಿಡಗಳಿಗೂ ಕೆಂಪು ಪಟ್ಟಿ ಕಟ್ಟಿದ್ದನ್ನು ಕಂಡಿದ್ದೆ. ಇವರಲ್ಲೂ ಇಂಥದೇನೋ ಇದೆ ಎಂದು ಖುಷಿಯಾಗಿತ್ತು. ಸವಿತಾ ಆಚೆ ಅತ್ತೆಯ ಜೊತೆ ಬುಟ್ಟಿ ಬಿಚ್ಚುತ್ತಿದ್ದಳು. ಕೇಳಿಕೊಳ್ಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಆಮೇಲೆ "ಹುಲ್ಲುಲ್ಲಿಗೋ, ಸಲಾಂಬ್ರಿಗೋ" ಎಂದು ಚರಗದ ಕೂಗು ಹಾಕುತ್ತಾ ಸಾಲುಗಳ ನಡುವೆ ಚರಗ ಚೆಲ್ಲಿದೆ. ಹೈನ್ರಿಖ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನನ್ನ ಹಿಂದೆಯೇ ಬಂದರು. ಯಾರಿಗೆ ಇದು ಎಂದು ಕೇಳಿದರು. ಹೊಲಕ್ಕೆ, ಆಕೆ ಬಸುರಿ ಎಂದು, ಕೂಗು ಕೇಳಿ ಬಂದ ಸವಿತಾ ಹೇಳಿದಾಗ, ಕೆಳಗೆ ನೋಡಿ ಬೂಟಿನ ಹೆಜ್ಜೆಯನ್ನು ಸ್ವಲ್ಪ ಮೆಲ್ಲಗೆ ಇಟ್ಟರು.

ಊಟದಲ್ಲಿ ಉರ್ಸುಲಾ ಬಾಯಿ ಮೂರು ಕಡಬು ತಿಂದು, ತುಟಿ ಒರೆಸಿಕೊಂಡು ಏನೋ ಕೇಳಿದರು. ಸವಿತಾಳ ಮುಖ ಬಿಳುಚಿತು. ಉತ್ತರ ಹೇಳಿದಳು. ಹೈನ್ರಿಖ್ ನಕ್ಕು ಎದೆ ತಟ್ಟಿಕೊಂಡರು.

ಕಾರಿನಲ್ಲಿ ಕೇಳಿದೆ, "ಏನಂದ್ರು?"

"ಹಬ್ಬಕ್ಕ ಗಿಡಾ ತಂದ್ರೇನು ಅಂದ್ರು. ಇನ್ನೂ ಇಲ್ಲ ಅಂದೆ. ಹಂಗಾರ ನಾ ತರ್ತೀನಿ ಅಂದ್ರು ಮಾವ."

"ಸುಳ್ಳು ಹೇಳಿದ್ಯಲ್ಲವಾ."

"ಹೌದು ಚಿಗವ್ವಾ."

ಮಾರ್ಟಿನ್ ಏನೂ ತಿಳಿಯದವನಂತೆ ದಾರಿ ನೋಡುತ್ತಾ ಗಾಡಿ ಹೊಡೆದ.

ಅಮಾವಾಸ್ಯೆಯ ಮರುದಿನ

ಚಹಾ ಕುಡಿಯುವ ಹೊತ್ತಿಗೆ ಮಾವನ ಫೋನು. ಸವಿತಾ ಕೇಳುತ್ತಾ ಕೇಳುತ್ತಾ ಕುರ್ಚಿಯ ಮೇಲೆ ಕುಸಿದಳು. ಆಮೇಲೆ ನಗಲು ಹತ್ತಿದಳು. ಕಣ್ಣಲ್ಲಿ ನೀರು.

"ಚಿಗವ್ವಾ, ನೀ ಗಿಡಕ್ಕ ಖಣಾ ಕಟ್ಟಿದ್ಯೇನು?"

"ಕಟ್ಟದ ಇರ್ತೀನೇನು? ಉಡಿ ತುಂಬಿದ ಮ್ಯಾಲೆ."

"ಕೆಂಪು ಪಟ್ಟಿ ಕಟ್ಟಿದ್ರ ಇದನ್ನ ಕಡೀರಿ ಅಂತ ಅರ್ಥ ಅಂತ ಅಲ್ಲಿ! ಆರಿಸಿದ ಗಿಡದ ಗುರ್ತು ಅದು. ಮುಂಜಾನಿ ಆಳು ಬಂದು ಕಡದ ಹಾಕ್ಯಾರ. ಮಾವ ಹೇಳ್ತಾರ, ಇಷ್ಟು ಚೊಲೋ ಗಿಡಾ ಬಿಟ್ಟು ನಿಮ್ಮ ಚಿಗವ್ವ ಆ ಸೊಟ್ಟಂದನ್ನ ಯಾಕ ಆರಿಸಿದ್ಲೋ ತಿಳೀಲಿಲ್ಲ, ಬೀಗರ ಇಷ್ಟ ಅಂತ ಸುಮ್ಮನಾದೆ ಅಂತ. ಹಬ್ಬದ ದಿನ ಅದನ್ನ ಹೊತಗೊಂಡು ಬರ್ತಾರಂತ."

ಕುಂಕುಮ ಹಚ್ಚಿದ ಗಿಡಕ್ಕೆ ನಮ್ಮಲ್ಲಿ ಕೊಡಲಿ ಮುಟ್ಟಿಸುವುದಿಲ್ಲ. ಹೊಲ ಮಾರಿದರೂ ಆ ಗಿಡ ಇರುತ್ತದೆ. ಯಾರೂ ಕೊಳ್ಳದ್ದಕ್ಕೇ ಉಳಿದುಕೊಂಡಿದ್ದ ಗಿಡವನ್ನು ನಾನೇ ಗುರುತು ಮಾಡಿ ಕೊಲ್ಲಿಸಿದ್ದೆ. ಅವತ್ತು ನನಗೆ ಊಟ ಸೇರಲಿಲ್ಲ. ಅಕ್ಕ ಹೇಳಿದ್ದು ಬಾಯಿ ಬಿಗಿ ಹಿಡಿ ಎಂದು. ಕೈ ಬಿಗಿ ಹಿಡಿ ಎಂದು ಹೇಳಬೇಕಿತ್ತು.

"ಬಿಡು ಚಿಗವ್ವಾ, ಅವರಿಗೇನು ಗೊತ್ತು? ಹೇಳೂದ ಬ್ಯಾಡ," ಅಂದಳು ಸವಿತಾ. "ಗಿಡಾ ಬಂತಂದ್ರ ನನ್ನ ಚಿಂತಿನೂ ಮುಗೀತು. ಡಬ್ಬಿ ಮಂಚದ ಕೆಳಗ ಇರಲಿ."

ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಆದರೆ ನೆಲ ನೋಡಿ ಮೆಲ್ಲಗೆ ಹೆಜ್ಜೆಯಿಟ್ಟ ಮನುಷ್ಯ ಕಣ್ಣ ಮುಂದೆ ಬಂದರು.

"ಇಲ್ಲವಾ. ನಂದು ನಾ ಹೇಳ್ತೀನಿ. ನಿಂದು ನೀ ಹೇಳು. ಗಿಡಾ ಎರಡು ಇದ್ರೂ ನಡಿತೈತಿ, ಮನ್ಯಾಗ ಎರಡು ಮಾತು ಬ್ಯಾಡ."

ಅವಳು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಹಬ್ಬದ ಮುಂಜಾನೆ ನಾನು ಸ್ನಾನ ಮುಗಿಸಿ ಬಂದಾಗ, ನಡುಮನೆಯಲ್ಲಿ ಪ್ಲಾಸ್ಟಿಕ್ ಗಿಡ ರೆಕ್ಕೆ ಬಿಚ್ಚಿ ನಿಂತಿತ್ತು. ಸವಿತಾ ಅದರ ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸುತ್ತಿದ್ದಳು.

ಹಬ್ಬದ ಸಂಜೆ

ಮೂರು ಮಹಡಿ ಹತ್ತಿ, ಹೆಗಲ ಮೇಲೆ ಬಲೆ ತೊಟ್ಟ ಗಿಡ ಹೊತ್ತು ಹೈನ್ರಿಖ್ ಬಾಗಿಲಿಗೆ ಬಂದರು. ಖಣ ಇನ್ನೂ ಅದರ ನಡುವಿಗೆ ಇತ್ತು. ಒಳಗೆ ಕಣ್ಣು ಹಾಯಿಸಿದರು. ಹೆಗಲ ಮೇಲಿನ ಗಿಡವನ್ನು ಮೆಲ್ಲಗೆ ಗೋಡೆಗೆ ಆನಿಸಿ, ಪ್ಲಾಸ್ಟಿಕ್ ಗಿಡದ ಹತ್ತಿರ ಹೋದರು. ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿದರು. ರೂಢಿಯಂತೆ ಬೆರಳನ್ನು ಮೂಗಿಗೆ ಹಿಡಿದರು. ಕಾಂಡ ಹಿಡಿದು ಅಲುಗಾಡಿಸಿ, ನೆಲ ನೋಡಿದರು. ಒಂದೂ ಉದುರಿರಲಿಲ್ಲ.

ಸವಿತಾ ಬಾಯಿ ತೆರೆಯುವ ಮೊದಲು ನಾನೇ ಮುಂದೆ ಬಂದೆ. "ಬೀಗರಿಗೆ ಹೇಳು. ಆ ಕೆಂಪು ಅರಿವಿ ಕಡೀರಿ ಅಂತ ಕಟ್ಟಿದ್ದಲ್ಲ, ಕಡಿಬ್ಯಾಡ್ರಿ ಅಂತ ಕಟ್ಟಿದ್ದು. ನಾ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದು."

ಅವಳು ಹೇಳಿದಳು. ಹೈನ್ರಿಖ್ ಕುರ್ಚಿ ಎಳೆದು ಕೂತರು. ಬಾಗಿಲ ಬಳಿಯ ಆ ಗಿಡದ ಕಡೆ ನೋಡಿ ಏನೋ ಅಂದರು.

"ಏನಂತಾರ?"

"ಇಷ್ಟು ವರ್ಷ ಎಲ್ಲಾರೂ ಇದನ್ನ ಕಡೀರಿ, ಅದನ್ನ ಕಡೀರಿ ಅಂತನ ಹೇಳ್ಯಾರ. ಇದನ್ನ ಬಿಡ್ರಿ ಅಂತ ಹೇಳಿದಾಕಿ ನೀ ಒಬ್ಬಾಕಿನ ಅಂತ. ಆ ಮಾತನ್ನೂ ನಾವು ತಿರುವಿ ಕೇಳಿಸ್ಕೊಂಡ್ವಿ ಅಂತಾರ."

ಆಮೇಲೆ ಅವಳು ತನ್ನ ಮಾತು ಶುರು ಮಾಡಿದಳು. ಆ ಭಾಷೆ ನನಗೆ ಬಾರದು. ಆದರೂ ಯಾವುದು ಡಬ್ಬಿಯ ಮಾತು, ಯಾವುದು ಸುಳ್ಳಿನ ಮಾತು, ಯಾವುದು ಫುಟ್‌ಪಾತಿನ ಮೇಲೆ ಬಿದ್ದ ಗಿಡಗಳ ಮಾತು ಎಂದು ಅವಳ ದನಿಯಿಂದಲೇ ಗೊತ್ತಾಯಿತು. ಹೈನ್ರಿಖ್ ತಲೆ ಎತ್ತದೆ ಕೇಳಿದರು. ಕೊನೆಗೆ ಒಂದೇ ಮಾತು ಹೇಳಿದರು. ನನ್ನ ಗಿಡ ನನ್ನ ಗೇಟು ದಾಟುವ ತನಕ ಮಾತ್ರ ನಾನು ನೋಡಿದವನು, ಆಮೇಲಿನದ್ದು ನೋಡಿಲ್ಲ ಎಂದು ಸವಿತಾ ತಿರುಗಿಸಿ ಹೇಳಿದಳು.

ಅಷ್ಟರಲ್ಲಿ ಉರ್ಸುಲಾ ಬಾಯಿ ಕೋಟು ಬಿಚ್ಚಿ ಎಸೆದು, ಪ್ಲಾಸ್ಟಿಕ್ ಗಿಡದ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಜೋರಾಗಿ ನಗುತ್ತಾ ಗಂಡನಿಗೆ ಏನೋ ಅಂದರು. ಮಾರ್ಟಿನ್‌ಗೆ ಕೆಮ್ಮು ಬಂತು.

"ಏನವಾ, ಏನು?"

"ಲಗ್ನ ಆದಾಗಿಂದ ನನ್ನ ಮನ್ಯಾಗ ಯಾರೂ ಕೊಳ್ಳಲಾರದ ಗಿಡಾನ ಬಂದಾವು ಅಂತಾರ ಅತ್ತಿ! ಚೊಲೋ ಇದ್ದದ್ದೆಲ್ಲಾ ಗಿರಾಕಿಗೆ, ಸೊಟ್ಟ ಇದ್ದದ್ದು ನನಗ. ಪ್ರತಿ ಸಲ ಬೋಳು ಬಾಜೂ ಗೋಡಿ ಕಡೆ ತಿರುಗಿಸಿ ಇಡೂದು. ಎಲ್ಲಾ ಕಡಿಂದ ತುಂಬಿದ್ದ ಗಿಡಾ ಈ ವಯಸ್ಸಿಗೆ ಕಂಡೆ, ಅದನ್ನ ಯಾಕ ಬೈತೀರಿ ಅಂತಾರ!"

ಹೈನ್ರಿಖ್ ಕೆಂಪಗಾದರು. ಆಮೇಲೆ ಅವರೂ ನಕ್ಕರು. ಹೊಲದ ರೈತನ ಹೆಂಡತಿಗೆ ಬೆಳೆಯಲ್ಲಿ ಏನು ಉಳಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ನಾನು ಬೀಗತಿಯ ಕೈ ಹಿಡಿದೆ. ಈ ಸಲ ಯಾರ ಕೈಯೂ ಯಾರಿಗೂ ಸಿಕ್ಕಿಕೊಳ್ಳಲಿಲ್ಲ.

ಪ್ಲಾಸ್ಟಿಕ್ ಗಿಡ ನಡುಮನೆಯಲ್ಲೇ ಉಳಿಯಿತು. ಉರ್ಸುಲಾ ಬಾಯಿ ಅದಕ್ಕೆ ಗೊಂಬೆ, ದೀಪ ಕಟ್ಟಿದರು. ಎರಡು ತುದಿಯದನ್ನು ಅಪ್ಪ ಮಗ ಸೇರಿ ಬಾಲ್ಕನಿಯಲ್ಲಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದರು. ಪೂಜೆಯಾದದ್ದನ್ನು ದಾರಿಯಲ್ಲಿ ಎಸೆಯಬಾರದು, ಹೊಲಕ್ಕೆ ಮರಳಿಸಬೇಕು ಎಂದು ಹೇಳಿಸಿದೆ. ನಾನೇ ಬಂದು ಒಯ್ಯುತ್ತೇನೆ, ಅದರ ಬೇರಿನ ಹತ್ತಿರವೇ ಮಣ್ಣಿಗೆ ಹಾಕುತ್ತೇನೆ ಎಂದರು ಹೈನ್ರಿಖ್. ಉಳಿದ ಸಜ್ಜೆ ರೊಟ್ಟಿಯನ್ನು ಆಲೂಗಡ್ಡೆಯ ಪಲ್ಯದ ಜೊತೆ ಎಲ್ಲರೂ ತಿಂದೆವು.

ಮರುದಿನ ಬೆಳಿಗ್ಗೆ

ರಾತ್ರಿ ಅವರು ಅಲ್ಲೇ ಉಳಿದಿದ್ದರು. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಹೈನ್ರಿಖ್ ಸವಿತಾಳನ್ನು ಏನೋ ಕೇಳಿದರು. ಅವಳು ಕೈಯಿಂದ ಚಂದ್ರ ಮಾಡಿ, ಒಂದು ವರ್ಷ ಹಬ್ಬಕ್ಕೆ ಮೊದಲು, ಒಂದು ವರ್ಷ ಹಬ್ಬದ ನಂತರ ಎಂಬಂತೆ ಬೆರಳು ಆಚೆ ಈಚೆ ಆಡಿಸಿ ಹೇಳಿದಳು. ಅವರು ಮತ್ತೆ ಹೇಳಿದರು. ಸವಿತಾ ಬ್ರೆಡ್ಡು ಹಿಡಿದವಳು ಹಾಗೇ ಕೂತುಬಿಟ್ಟಳು.

"ಮತ್ತೇನಾತು?"

"ಇನ್ನ ಮ್ಯಾಲೆ ಆ ಅಮಾಶಿ ದಿನ ಹೊಲದಾಗ ಗರಗಸ ಮುಟ್ಟಿಸೂದಿಲ್ಲ ಅಂತಾರ. ಗಿರಾಕಿ ಎಷ್ಟರ ಇರಲಿ. ಯಾವ ದಿನ ಬರ್ತೇತಿ ಅಂತ ಪ್ರತಿ ವರ್ಷ ನಾನ ಹೇಳಬೇಕಂತ. ಮನ್ಯಾಗ ಬ್ಯಾರೆ ಯಾರಿಗೆ ಗೊತ್ತಾಗಬೇಕು ಅಂತಾರ." ಬ್ರೆಡ್ಡು ಕೆಳಗಿಟ್ಟು, "ಚಿಗವ್ವಾ, ಮುಂದಿನ ವರ್ಷ ಯಾವಾಗ ಬರ್ತೇತಿ?" ಅಂದಳು.

ನನಗೆಲ್ಲಿ ಗೊತ್ತು? ಅದೆಲ್ಲ ನಮ್ಮ ಗೋಡೆಯ ಕ್ಯಾಲೆಂಡರಿನ ಕೆಲಸ. ಊರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಅಲ್ಲಿ ಮಧ್ಯಾಹ್ನ. ಗಿರಣಿಯ ಗದ್ದಲ ಜರ್ಮನಿಯ ಮೇಜಿನ ಮೇಲೆ ಗಡಗಡ ಅಂತು. ಉರ್ಸುಲಾ ಬಾಯಿ ಬೆರಗಾಗಿ ಚಮಚ ಕೆಳಗಿಟ್ಟರು.

"ಏನು? ಮುಂದಿನ ವರ್ಷದ ಎಳ್ಳ ಅಮಾಶಿ?" ಯಜಮಾನರು ಕೂಗಿದರು. "ಹೊಸಾ ಕ್ಯಾಲೆಂಡರ್ ಇನ್ನೂ ಸುರುಳಿ ಸೈತ ಬಿಚ್ಚಿಲ್ಲ. ಅಲ್ಲಿ ಕುಂತು ನಿನಗ್ಯಾಕ ಬೇಕಾತು ಅದು? ಅಲ್ಲಿ ಯಾರ ಹೊಲಕ್ಕ ಚರಗಾ ಚೆಲ್ಲಬೇಕಾಗೇತಿ ಬೇ?"

ಸವಿತಾ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ನಮ್ಮ ಹೊಲಕ್ಕ, ಕಾಕಾ," ಅಂದಳು. "ಸುರುಳಿ ಬಿಚ್ಚಿ ನೋಡಿ ಹೇಳ್ರಿ, ನಾ ಬರಕೋತೀನಿ."